ಹಾಲು ಬಿಡಿಸಿದ ಹಂದಿಮರಿಗಳ ಭೇದಿ

ಹೊಳಲ್ಕೆರೆ ತಾಲ್ಲೂಕಿನ ಹೊರಕೆರೆದೇವಪುರದ ಕಡೆ ಹಂದಿ ಸಾಕುವ ರೈತರು, ಮರಿಗಳನ್ನು ತಾಯಿಯಿಂದ ಬೇರ್ಪಡಿಸಿದ ಮೊದಲ ಹತ್ತು ದಿನ ಎಚ್ಚರದಿಂದಿರಬೇಕು. ತಾಯಿಹಾಲಿನ ರಕ್ಷಣೆ ತಪ್ಪಿದ ಕರುಳಿನಲ್ಲಿ ಇ. ಕೋಲೈ ಎಂಬ ಬ್ಯಾಕ್ಟೀರಿಯಾ ಹೆಚ್ಚಿ, ನೀರಿನಂಥ ಭೇದಿಯಾಗುವುದುಂಟು. ಮೈಯ ನೀರು ಬತ್ತಿಯೇ ಮರಿ ಸಾಯುತ್ತದೆ. ಆದುದರಿಂದ ವೈದ್ಯರು ಬರುವವರೆಗೆ, ಕುದಿಸಿ ಆರಿಸಿದ ಒಂದು ಲೀಟರ್ ನೀರಿಗೆ ಮಟ್ಟಸವಾಗಿ 6 ಟೀ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಕದಡಿ ಮೇಲಿಂದ ಮೇಲೆ ಕುಡಿಸುತ್ತಿರಬೇಕು. ಮರಿಗಳನ್ನು ಒಣ ನೆಲದಲ್ಲಿ ಬೆಚ್ಚಗಿಡಬೇಕು.

ಹಿಂದೆ ಇದಕ್ಕೆ ಕೊಡುತ್ತಿದ್ದ ಕೊಲಿಸ್ಟಿನ್ ಔಷಧಿಯನ್ನು ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆಂದು ಮಾರುವುದನ್ನು ಕೇಂದ್ರ ಸರ್ಕಾರವು 2019ರಲ್ಲಿ ನಿಷೇಧಿಸಿತು. ಬೇರಾವ ಔಷಧಿಗೂ ಬಗ್ಗದ ಸೋಂಕು ತಗುಲಿದ ಮನುಷ್ಯರಿಗೆ ಅದೇ ಕೊನೆಯ ಆಸರೆ. ಹಳೆಯ ಪುಡಿ ಮನೆಯಲ್ಲಿ ಉಳಿದಿದ್ದರೂ ಬಳಸಕೂಡದು. ಪಶುವೈದ್ಯರು ಬರೆದುಕೊಟ್ಟ ಔಷಧಿಯನ್ನು, ಭೇದಿ ನಿಂತರೂ, ಹೇಳಿದಷ್ಟು ದಿನ ಕೊಡತಕ್ಕದ್ದು. ಔಷಧಿ ನಿಲ್ಲಿಸಿದ ಎಷ್ಟು ದಿನಗಳ ಮೇಲೆ ಹಂದಿಯನ್ನು ಮಾಂಸಕ್ಕೆ ಮಾರಬಹುದೆಂಬುದನ್ನೂ ಅವರಿಂದಲೇ ಕೇಳಿ ತಿಳಿಯಿರಿ.