ಮಂಡಿ ನೋವೆನ್ನುವ ಮಗು: ರೋಗ ಸೊಂಟದ ಕೀಲಿನಲ್ಲಿರಬಹುದು

ಆರೇಳು ವರ್ಷದ ಹುಡುಗ ಆಡಿ ಬಂದ ಸಂಜೆ ಕುಂಟುತ್ತಾನೆ. ಎಲ್ಲಿ ನೋವು ಎಂದರೆ ಮಂಡಿ ತೋರಿಸುತ್ತಾನೆ. ಎಲ್ಲೋ ಬಿದ್ದಿರಬೇಕೆಂದು ಮನೆಯವರು ಎಣ್ಣೆ ನೀವುತ್ತಾರೆ. ಬೆಳಿಗ್ಗೆ ನೋವು ಕಡಿಮೆ, ಸಂಜೆ ಮತ್ತೆ ಅದೇ ಕುಂಟು. ಹೀಗೆ ವಾರಗಳು ಕಳೆದರೆ ಅದನ್ನು ಉಳುಕೆಂದು ಬಿಡಬಾರದು. ಅದು ಪರ್ಥಿಸ್ ರೋಗವಿರಬಹುದು.

ರೋಗವೇನು?

ತೊಡೆಮೂಳೆಯ ಮೇಲ್ತುದಿ ಚೆಂಡಿನಂತೆ ದುಂಡಗಿದ್ದು ಸೊಂಟದ ಮೂಳೆಯ ಬಟ್ಟಲಿನೊಳಗೆ ತಿರುಗುತ್ತದೆ. ಈ ಚೆಂಡಿಗೆ ರಕ್ತ ಪೂರೈಕೆ ನಿಂತರೆ ಮೂಳೆ ಸತ್ತು ಮೆತ್ತಗಾಗುತ್ತದೆ. ಎರಡು ಮೂರು ವರ್ಷಗಳಲ್ಲಿ ಹಳೆಯ ಮೂಳೆ ಕರಗಿ ಹೊಸದು ಬೆಳೆಯುತ್ತದೆ. ಆ ಅವಧಿಯಲ್ಲಿ ಚೆಂಡು ಚಪ್ಪಟೆಯಾದರೆ ಮಧ್ಯವಯಸ್ಸಿಗೇ ಕೀಲು ಸವೆಯುವ ಭಯವಿದೆ.

1910ರಲ್ಲಿ ಅಮೆರಿಕದ ಲೆಗ್, ಫ್ರಾನ್ಸಿನ ಕಾಲ್ವೆ ಮತ್ತು ಜರ್ಮನಿಯ ಪರ್ಥಿಸ್ ಇದನ್ನು ಪ್ರತ್ಯೇಕವಾಗಿ ವರ್ಣಿಸಿದರು. ರಕ್ತ ಪೂರೈಕೆ ನಿಲ್ಲುವುದೇಕೆಂಬುದು ಇಂದಿಗೂ ಖಚಿತವಾಗಿಲ್ಲ. ಇದು ಅಂಟುರೋಗವಲ್ಲ. ಸಾಮಾನ್ಯವಾಗಿ ನಾಲ್ಕರಿಂದ ಹತ್ತು ವರ್ಷದ ಮಕ್ಕಳಲ್ಲಿ, ಹುಡುಗಿಯರಿಗಿಂತ ಹುಡುಗರಲ್ಲಿ ಹಲವು ಪಟ್ಟು ಹೆಚ್ಚಾಗಿ ಕಾಣುತ್ತದೆ. ಬೇರೆಡೆ ಅಪರೂಪವಾದರೂ ನಮ್ಮ ಕರಾವಳಿಯಲ್ಲಿ ಹೆಚ್ಚೆಂದು ಮಣಿಪಾಲದ ವೈದ್ಯರ ಅಧ್ಯಯನ 1988ರಲ್ಲಿ ಪ್ರಕಟವಾಯಿತು.

ಪತ್ತೆ ಹೇಗೆ?

ಸೊಂಟದ ಕೀಲಿಗೂ ಮಂಡಿಗೂ ಒಂದೇ ನರದ ಕವಲುಗಳು ಹೋಗುವುದರಿಂದ ಸೊಂಟದ ನೋವು ಮಂಡಿಯಲ್ಲಿ ಕಾಣಿಸಿಕೊಳ್ಳುತ್ತದೆ. ಮಂಡಿಯ ಚಿತ್ರವನ್ನಷ್ಟೇ ತೆಗೆಸಿದರೆ ರೋಗ ಸಿಗುವುದಿಲ್ಲ. ಮಗುವನ್ನು ಮಲಗಿಸಿ ತೊಡೆಯನ್ನು ಹೊರಕ್ಕೆ ಅಗಲಿಸುವಾಗ, ಒಳಕ್ಕೆ ತಿರುಗಿಸುವಾಗ ಬಿಗಿತವಿದೆಯೇ ಎಂದು ವೈದ್ಯರು ನೋಡುತ್ತಾರೆ. ಎರಡೂ ಸೊಂಟದ ಕೀಲುಗಳ ಎಕ್ಸ್‌ರೇ ಅಗತ್ಯ. ಆರಂಭದಲ್ಲಿ ಎಕ್ಸ್‌ರೇ ಸರಿಯಾಗಿಯೇ ಕಾಣಬಹುದು. ಸಂಶಯ ಉಳಿದರೆ ಎಂ.ಆರ್.ಐ. ನೆರವಾಗುತ್ತದೆ. ಕೀಲಿನ ಕ್ಷಯ, ಕೀವು, ಸಂಧಿವಾತಗಳಲ್ಲ ಎಂದು ಖಚಿತಪಡಿಸಿಕೊಳ್ಳಲು ರಕ್ತಪರೀಕ್ಷೆಯೂ ಬೇಕಾಗಬಹುದು.

ಚಿಕಿತ್ಸೆ

ಚೆಂಡು ಮೆತ್ತಗಿರುವಷ್ಟು ಕಾಲ ಅದನ್ನು ಬಟ್ಟಲಿನೊಳಗೇ ಉಳಿಸುವುದು ಚಿಕಿತ್ಸೆಯ ಗುರಿ. ಆಗ ಬಟ್ಟಲೇ ಅಚ್ಚಾಗಿ ಹೊಸ ಮೂಳೆ ದುಂಡಗೆ ಬೆಳೆಯುತ್ತದೆ. ಆರು ವರ್ಷದೊಳಗಿನ ಬಹುಪಾಲು ಮಕ್ಕಳಿಗೆ ನೋವಿನ ಔಷಧಿ, ಓಟ-ಜಿಗಿತಕ್ಕೆ ತಡೆ, ವ್ಯಾಯಾಮ ಮತ್ತು ಆಗಾಗ್ಗೆ ತಪಾಸಣೆ ಸಾಕಾಗುತ್ತದೆ. ದೊಡ್ಡ ಮಕ್ಕಳಿಗೆ ಪ್ಲಾಸ್ಟರ್ ಅಥವಾ ಮೂಳೆಯ ಕೋನ ತಿದ್ದುವ ಶಸ್ತ್ರಚಿಕಿತ್ಸೆ ಬೇಕಾಗಬಹುದು. ಚೆಂಡು ಚಪ್ಪಟೆಯಾಗುವ ಮುನ್ನ ಮಾಡಿದರೆ ಮಾತ್ರ ಇದರ ಪೂರ್ಣ ಫಲ. ನೀವಿಸುತ್ತಾ ಕಳೆದ ತಿಂಗಳುಗಳು ಇಲ್ಲಿಯೇ ದುಬಾರಿಯಾಗುತ್ತವೆ.

ಪಾಲಕರು ಗಮನಿಸಬೇಕಾದ್ದು

ಮಗು ಒಂದು ವಾರಕ್ಕಿಂತ ಹೆಚ್ಚು ಕುಂಟಿದರೆ, ನೋವಿಲ್ಲದಿದ್ದರೂ, ಮೂಳೆ ತಜ್ಞರಿಗೆ ತೋರಿಸಿ. ಕುಂಟಿನ ಜೊತೆಗೆ ಜ್ವರವಿದ್ದರೆ, ಅಥವಾ ಮಗು ಕಾಲೂರಲೇ ಒಪ್ಪದಿದ್ದರೆ ಅದು ಕೀಲಿನಲ್ಲಿ ಕೀವಾಗಿರುವ ಸೂಚನೆಯಿರಬಹುದು. ಆಗ ಅದೇ ದಿನ ಆಸ್ಪತ್ರೆಗೆ ಕರೆದೊಯ್ಯಿರಿ.