ಕಾಂಡಕೋಶ ಚಿಕಿತ್ಸೆ: ನಂಬಿಕೆ ಎಷ್ಟು, ಸತ್ಯ ಎಷ್ಟು?

ಹೆರಿಗೆಗೆ ದಿನ ಎಣಿಸುತ್ತಿರುವ ದಂಪತಿಗೆ ಹೊಕ್ಕುಳಬಳ್ಳಿಯ ರಕ್ತ ಕೂಡಿಡುವ ಬ್ಯಾಂಕಿನಿಂದ ಫೋನ್ ಬರುತ್ತದೆ. ಮಗನಿಗೆ ಆಟಿಸಂ ಇದೆಯೆಂದು ತಿಳಿದು ಕಂಗಾಲಾದ ತಾಯಿಗೆ ವಾಟ್ಸ್‌ಆ್ಯಪ್‌ನಲ್ಲಿ ಯಾವುದೋ ಕ್ಲಿನಿಕ್ಕಿನ ವಿಡಿಯೊ ಸಿಗುತ್ತದೆ. ಮಂಡಿನೋವಿನಿಂದ ನರಳುವ ಅಜ್ಜಿಗೆ ‘ಒಂದೇ ಇಂಜೆಕ್ಷನ್ ಸಾಕು’ ಎನ್ನುವ ಜಾಹೀರಾತು ಕಾಣುತ್ತದೆ. ಮೂರು ಕಡೆಯೂ ಕೇಳಿಬರುವ ಹೆಸರು ಒಂದೇ: ಸ್ಟೆಮ್ ಸೆಲ್, ಅಂದರೆ ಕಾಂಡಕೋಶ.

ಕಾಂಡಕೋಶಕ್ಕೆ ಎರಡು ವಿಶೇಷ ಗುಣಗಳಿವೆ. ತನ್ನಂಥದೇ ಕೋಶಗಳನ್ನು ಹುಟ್ಟಿಸುತ್ತ ತನ್ನ ಸಂತತಿಯನ್ನು ಉಳಿಸಿಕೊಳ್ಳುತ್ತದೆ. ದೇಹಕ್ಕೆ ಅಗತ್ಯ ಬಿದ್ದಾಗ ಬೇರೆ ಬಗೆಯ ಕೋಶವಾಗಿಯೂ ಬೆಳೆಯುತ್ತದೆ. ರಕ್ತಕ್ಕೂ ಇಂಥ ಮೂಲಕೋಶಗಳಿವೆ ಎಂಬುದನ್ನು ಕೆನಡಾದ ಟೊರಾಂಟೊದಲ್ಲಿ ಜೇಮ್ಸ್ ಟಿಲ್ ಮತ್ತು ಅರ್ನೆಸ್ಟ್ ಮೆಕಲಕ್ 1961ರಲ್ಲಿ ಇಲಿಗಳ ಮೇಲಿನ ಪ್ರಯೋಗದಿಂದ ತೋರಿಸಿಕೊಟ್ಟರು. 2012ರ ಕೊನೆಯ ಹೊತ್ತಿಗೆ ಜಗತ್ತಿನಲ್ಲಿ ನಡೆದ ರಕ್ತದ ಕಾಂಡಕೋಶ ಕಸಿಗಳ ಸಂಖ್ಯೆ 10 ಲಕ್ಷ ದಾಟಿತ್ತು. ಇಷ್ಟು ಜೀವ ಉಳಿಸಿದ ವಿಜ್ಞಾನದ ಹೆಸರಿನಲ್ಲೇ ಇಂದು ಸುಳ್ಳು ಭರವಸೆಯೂ ಮಾರಾಟವಾಗುತ್ತಿದೆ. ನೋವಿನಲ್ಲಿರುವ ಕುಟುಂಬಗಳು ಜಮೀನು ಮಾರಿ, ಒಡವೆ ಅಡವಿಟ್ಟು ಅದರ ಬೆಲೆ ತೆರುತ್ತಿವೆ. ಆದ್ದರಿಂದ ಕಾಳು ಯಾವುದು, ಜೊಳ್ಳು ಯಾವುದು ಎಂಬುದನ್ನು ತಿಳಿದುಕೊಳ್ಳುವುದು ಅಗತ್ಯ.

ನಂಬಿಕೆ 1: ಕಾಂಡಕೋಶವನ್ನು ಭ್ರೂಣದಿಂದಲೇ ತೆಗೆಯುತ್ತಾರೆ

ಸತ್ಯ: ಆಸ್ಪತ್ರೆಗಳಲ್ಲಿ ದಿನನಿತ್ಯ ಬಳಕೆಯಾಗುವ ಕಾಂಡಕೋಶಗಳು ಬೆಳೆದ ಮನುಷ್ಯರ ಅಸ್ಥಿಮಜ್ಜೆಯಿಂದ ಅಥವಾ ರಕ್ತದಿಂದ ಬರುತ್ತವೆ. ಮಾನವ ಭ್ರೂಣದ ಕಾಂಡಕೋಶಗಳನ್ನು ಪ್ರಯೋಗಾಲಯದಲ್ಲಿ ಮೊದಲು ಬೆಳೆಸಿದ್ದು 1998ರಲ್ಲಿ, ಅಮೆರಿಕದ ಜೇಮ್ಸ್ ಥಾಮ್ಸನ್. ಅದು ನೈತಿಕ ಚರ್ಚೆಗೆ ಕಾರಣವಾಯಿತು, ಭ್ರೂಣದ ಮಾತು ಜನರ ಮನಸ್ಸಿನಲ್ಲಿ ಉಳಿದುಬಿಟ್ಟಿತು. ಜಪಾನಿನ ಶಿನ್ಯಾ ಯಮನಾಕ 2006ರಲ್ಲಿ ಇಲಿಯ ಚರ್ಮದ ಕೋಶಗಳಿಗೆ ನಾಲ್ಕೇ ನಾಲ್ಕು ಜೀನ್‌ಗಳನ್ನು ಸೇರಿಸಿ ಅವನ್ನು ಭ್ರೂಣಕೋಶದ ಸ್ಥಿತಿಗೆ ಹಿಂದಿರುಗಿಸಿದರು. ಮರುವರ್ಷ ಮನುಷ್ಯರ ಕೋಶಗಳಲ್ಲೂ ಅದು ಸಾಧ್ಯವಾಯಿತು. 2012ರ ನೊಬೆಲ್ ಪ್ರಶಸ್ತಿ ಈ ಕೆಲಸಕ್ಕೆ ಸಂದಿತು. ಭ್ರೂಣವನ್ನು ಮುಟ್ಟದೆಯೂ ಈ ವಿಜ್ಞಾನ ಮುಂದೆ ಸಾಗಬಲ್ಲದು.

ನಂಬಿಕೆ 2: ಆಟಿಸಂನಿಂದ ಮಧುಮೇಹದವರೆಗೆ ಎಲ್ಲಕ್ಕೂ ಇದರಲ್ಲಿ ಮದ್ದಿದೆ

ಸತ್ಯ: ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) 2017ರ ಮಾರ್ಗಸೂಚಿ ಸ್ಪಷ್ಟವಾಗಿದೆ. ಚಿಕಿತ್ಸೆಯೆಂದು ಒಪ್ಪಿತವಾಗಿರುವುದು ರಕ್ತದ ಕಾಂಡಕೋಶಗಳ ಕಸಿ. ರಕ್ತದ ಕ್ಯಾನ್ಸರ್, ಥಲಸ್ಸೀಮಿಯ, ಮಜ್ಜೆಯೇ ಬತ್ತಿಹೋಗುವ ಅಪ್ಲಾಸ್ಟಿಕ್ ಅನೀಮಿಯ, ಹುಟ್ಟಿನಿಂದಲೇ ರೋಗನಿರೋಧಕ ಶಕ್ತಿ ಇಲ್ಲದಿರುವುದು ಮುಂತಾದ ಕಾಯಿಲೆಗಳಿಗೆ ಅದು ಸಲ್ಲುತ್ತದೆ. ಆಟಿಸಂ, ಸೆರೆಬ್ರಲ್ ಪಾಲ್ಸಿ, ಪಾರ್ಕಿನ್ಸನ್ಸ್, ಬೆನ್ನುಹುರಿಯ ಪೆಟ್ಟು, ಮಧುಮೇಹ ಇವೆಲ್ಲ ಇನ್ನೂ ಸಂಶೋಧನೆಯ ಹಂತದಲ್ಲಿವೆ. ಅನುಮತಿ ಪಡೆದ ಕ್ಲಿನಿಕಲ್ ಟ್ರಯಲ್‌ನ ಹೊರಗೆ ಇವುಗಳಿಗೆ ಕಾಂಡಕೋಶ ಕೊಡುವಂತಿಲ್ಲ.

ರಕ್ತದಲ್ಲಿ ಗೆದ್ದದ್ದು ಮಿದುಳಿನಲ್ಲಿ ಏಕೆ ಸುಲಭವಲ್ಲ? ರಕ್ತದ ಕಾಂಡಕೋಶಗಳಿಗೆ ತಮ್ಮ ಮನೆಯ ದಾರಿ ಗೊತ್ತು. ಬಾಟಲಿ ರಕ್ತ ಏರಿಸುವ ಹಾಗೆ ತೋಳಿನ ನಾಳಕ್ಕೆ ಬಿಟ್ಟರೂ ಅವು ಮೂಳೆಯೊಳಗಿನ ಮಜ್ಜೆ ಸೇರಿ ಅಲ್ಲಿ ನೆಲೆಯೂರುತ್ತವೆ, ಕೆಲವೇ ವಾರಗಳಲ್ಲಿ ಹೊಸ ರಕ್ತ ತಯಾರಿಸತೊಡಗುತ್ತವೆ. ಹುಟ್ಟಿದ ರಕ್ತಕಣಗಳು ಬಿಡಿಬಿಡಿಯಾಗಿ ಹರಿದಾಡುತ್ತವೆ, ಯಾವುದಕ್ಕೂ ಅಂಟಿಕೊಳ್ಳಬೇಕಿಲ್ಲ. ಮಿದುಳಿನ ನರಕೋಶದ ಪಾಡು ಬೇರೆ. ಅದು ಸರಿಯಾದ ಜಾಗದಲ್ಲಿ ಕೂತು, ಸಾವಿರಾರು ಇತರ ಕೋಶಗಳೊಂದಿಗೆ ಸರಿಯಾದ ಸಂಪರ್ಕ ಬೆಳೆಸಿಕೊಂಡರೆ ಮಾತ್ರ ಕೆಲಸಕ್ಕೆ ಬರುತ್ತದೆ. ಕ್ಲಿನಿಕ್‌ಗಳು ಹೆಚ್ಚಾಗಿ ಬಳಸುವ ಕೊಬ್ಬಿನ ಅಥವಾ ಮಜ್ಜೆಯ ಮೆಸೆಂಕೈಮಲ್ ಕೋಶಗಳನ್ನು ರಕ್ತನಾಳಕ್ಕೆ ಕೊಟ್ಟರೆ ಬಹುಪಾಲು ಶ್ವಾಸಕೋಶದ ಸೂಕ್ಷ್ಮನಾಳಗಳಲ್ಲೇ ಸಿಕ್ಕಿಕೊಂಡು ಅಳಿಯುತ್ತವೆ.

ಹಾಗಾದರೆ ‘ಮಗು ಮೊದಲಿಗಿಂತ ಮಾತಾಡುತ್ತಿದೆ’ ಎನ್ನುವ ಪೋಷಕರು ಸುಳ್ಳು ಹೇಳುತ್ತಾರೆಯೇ? ಇಲ್ಲ. ಮಕ್ಕಳು ವಯಸ್ಸಿನೊಂದಿಗೆ ಕಲಿಯುತ್ತಾರೆ, ಸ್ಪೀಚ್ ಥೆರಪಿಯೂ ಜೊತೆಗೇ ನಡೆದಿರುತ್ತದೆ. ಯಾವುದರಿಂದ ಎಷ್ಟು ಸುಧಾರಣೆ ಆಯಿತೆಂದು ತಿಳಿಯಬೇಕಾದರೆ ಚಿಕಿತ್ಸೆ ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಬೇಕು. ಟ್ರಯಲ್ ಇರುವುದು ಅದಕ್ಕಾಗಿಯೇ.

ನಂಬಿಕೆ 3: ನನ್ನದೇ ದೇಹದ ಕೋಶ, ಫಲ ಸಿಗದಿದ್ದರೂ ಹಾನಿಯಂತೂ ಇಲ್ಲ

ಸತ್ಯ: ಅಮೆರಿಕದ ಫ್ಲಾರಿಡಾದಲ್ಲಿ 2015ರಲ್ಲಿ ಮೂವರು ಹಿರಿಯ ಮಹಿಳೆಯರು ಇದೇ ನಂಬಿಕೆಯಿಂದ ಒಂದು ಕ್ಲಿನಿಕ್‌ಗೆ ಹೋದರು. ಮೂವರಿಗೂ ವಯಸ್ಸಿನಿಂದ ಬರುವ ಅಕ್ಷಿಪಟಲದ ಸವೆತವಿತ್ತು. ಅವರ ಹೊಟ್ಟೆಯ ಕೊಬ್ಬಿನಿಂದ ತೆಗೆದ ಕೋಶಗಳನ್ನು ಎರಡೂ ಕಣ್ಣಿಗೆ ಒಂದೇ ದಿನ ಚುಚ್ಚಲಾಯಿತು. ಮೂವರೂ ದೃಷ್ಟಿಯನ್ನು ಬಹುಮಟ್ಟಿಗೆ ಕಳೆದುಕೊಂಡರು. ಚಿಕಿತ್ಸೆಗೆಂದು ಹಣವನ್ನೂ ತೆತ್ತಿದ್ದರು. ಈ ಪ್ರಕರಣ 2017ರಲ್ಲಿ ‘ನ್ಯೂ ಇಂಗ್ಲೆಂಡ್ ಜರ್ನಲ್ ಆಫ್ ಮೆಡಿಸಿನ್’ನಲ್ಲಿ ದಾಖಲಾಯಿತು. ಕೋಶ ನಮ್ಮದೇ ಆದರೂ ಅದನ್ನು ಒಂದು ಜಾಗದಿಂದ ತೆಗೆದು, ಸಂಸ್ಕರಿಸಿ, ತನಗೆ ಸಂಬಂಧವಿಲ್ಲದ ಇನ್ನೊಂದು ಜಾಗಕ್ಕೆ ಸೇರಿಸಿದಾಗ ಅದು ಹೇಗೆ ವರ್ತಿಸುತ್ತದೆಂದು ಊಹಿಸಲಾಗದು. ಸೋಂಕು ತಗಲಬಹುದು, ಗಡ್ಡೆ ಬೆಳೆಯಬಹುದು.

ಅದೇ ಕಾಯಿಲೆಗೆ ಜಪಾನಿನ ರಿಕೆನ್ ಸಂಸ್ಥೆಯ ಮಸಾಯೊ ತಕಹಾಶಿ ತಂಡ 2014ರಲ್ಲಿ ಒಬ್ಬ ರೋಗಿಗೆ ಯಮನಾಕ ವಿಧಾನದಲ್ಲಿ ಬೆಳೆಸಿದ ಪದರವನ್ನು ಕಸಿ ಮಾಡಿತು, ಅದೂ ಒಂದೇ ಕಣ್ಣಿಗೆ. ಎರಡನೆಯ ರೋಗಿಗಾಗಿ ತಯಾರಿಸಿದ ಕೋಶಗಳಲ್ಲಿ ಜೀನ್ ಬದಲಾವಣೆಗಳು ಕಂಡಾಗ ಇಡೀ ಪ್ರಯೋಗವನ್ನೇ ತಡೆಹಿಡಿಯಿತು. ಅನುಮಾನ ಬಂದಲ್ಲಿ ನಿಲ್ಲುವುದು ಒಳ್ಳೆಯ ವಿಜ್ಞಾನದ ಗುರುತು.

ನಂಬಿಕೆ 4: ಹೊಕ್ಕುಳಬಳ್ಳಿಯ ರಕ್ತ ಕೂಡಿಟ್ಟರೆ ಮಗುವಿಗೆ ಜೀವವಿಮೆ

ಸತ್ಯ: ಹೊಕ್ಕುಳಬಳ್ಳಿಯ ರಕ್ತದಲ್ಲಿ ಕಾಂಡಕೋಶಗಳಿರುವುದು ನಿಜ. 1988ರಲ್ಲಿ ಪ್ಯಾರಿಸ್ಸಿನಲ್ಲಿ ಎಲಿಯಾನ್ ಗ್ಲುಕ್ಮನ್ ನೇತೃತ್ವದಲ್ಲಿ ಅದರ ಮೊದಲ ಕಸಿ ಯಶಸ್ವಿಯಾಯಿತು. ಆದರೆ ಆ ಹುಡುಗನನ್ನು ಬದುಕಿಸಿದ್ದು ಅವನ ಸ್ವಂತ ರಕ್ತವಲ್ಲ, ಆಗಷ್ಟೇ ಹುಟ್ಟಿದ ತಂಗಿಯದು. ಮಾರಾಟದ ಕರಪತ್ರಗಳಲ್ಲಿ ಈ ಮಾತು ಕಾಣುವುದು ಅಪರೂಪ.

ಥಲಸ್ಸೀಮಿಯದಂಥ ಕಾಯಿಲೆ ಹುಟ್ಟಿನಿಂದಲೇ ಜೀನ್‌ನಲ್ಲಿರುತ್ತದೆ. ಬಳ್ಳಿಯ ರಕ್ತದಲ್ಲೂ ಅದೇ ದೋಷ ಕೂತಿರುತ್ತದೆ. ಅದನ್ನು ಅದೇ ಮಗುವಿಗೆ ಕೊಡುವುದೆಂದರೆ ಹುಳುಕು ಬೀಜವನ್ನೇ ಮತ್ತೆ ಬಿತ್ತಿದಂತೆ. ಮಕ್ಕಳ ಎಷ್ಟೋ ರಕ್ತಕ್ಯಾನ್ಸರ್‌ಗಳ ಮೊಳಕೆಯೂ ಹುಟ್ಟುವಾಗಲೇ ಇರುತ್ತದೆ. ಮೊದಲ 20 ವರ್ಷಗಳಲ್ಲಿ ಒಂದು ಮಗುವಿಗೆ ತನ್ನದೇ ಬಳ್ಳಿಯ ರಕ್ತ ಬೇಕಾಗುವ ಸಾಧ್ಯತೆ ತಜ್ಞರ ಅಂದಾಜಿನಂತೆ 2,500ಕ್ಕೆ ಒಂದರಿಂದ 2 ಲಕ್ಷಕ್ಕೆ ಒಂದು. ಖಾಸಗಿಯಾಗಿ ಹೀಗೆ ಕೂಡಿಡುವುದನ್ನು ಐಸಿಎಂಆರ್ ಶಿಫಾರಸು ಮಾಡುವುದಿಲ್ಲ. ಮನೆಯಲ್ಲಿ ಈಗಾಗಲೇ ಕಸಿ ಬೇಕಿರುವ ಅಕ್ಕನೋ ಅಣ್ಣನೋ ಇದ್ದರೆ ಮಾತು ಬೇರೆ. ಆಗ ವೈದ್ಯರೇ ಸಲಹೆ ಕೊಡುತ್ತಾರೆ.

ಆ ರಕ್ತಕ್ಕೆ ಅತ್ಯುತ್ತಮ ಬಳಕೆ ಇನ್ನೊಂದಿದೆ, ಅದಕ್ಕೆ ಖರ್ಚೇ ಇಲ್ಲ. ಮಗು ಹುಟ್ಟಿದ ತಕ್ಷಣ ಬಳ್ಳಿಯನ್ನು ಕತ್ತರಿಸದೆ ಕನಿಷ್ಠ ಒಂದು ನಿಮಿಷ ಕಾಯಿರಿ ಎಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಅಷ್ಟರಲ್ಲಿ ಹರಿದುಬರುವ ರಕ್ತ ಮಗುವಿಗೆ ತಿಂಗಳುಗಟ್ಟಲೆ ಸಾಕಾಗುವ ಕಬ್ಬಿಣದ ದಾಸ್ತಾನು ಒದಗಿಸುತ್ತದೆ. ರಕ್ತಹೀನತೆ ಇಷ್ಟು ವ್ಯಾಪಕವಾಗಿರುವ ನಮ್ಮ ದೇಶದಲ್ಲಿ ಇದು ಸಣ್ಣ ಲಾಭವಲ್ಲ.

ನಂಬಿಕೆ 5: ರಕ್ತದ ಗುಂಪು ಒಂದೇ ಆದರೆ ಸಾಕು, ನೆಂಟರಲ್ಲಿ ಯಾರದಾದರೂ ಹೊಂದುತ್ತದೆ

ಸತ್ಯ: ಕಸಿಗೆ ಹೊಂದಬೇಕಾದದ್ದು ಎಚ್‌ಎಲ್‌ಎ ಎಂಬ ಗುರುತು. ಇದು ಬಿಳಿ ರಕ್ತಕಣಗಳೂ ಸೇರಿ ದೇಹದ ಬಹುತೇಕ ಕೋಶಗಳ ಮೇಲಿರುತ್ತದೆ. ಅರ್ಧ ತಂದೆಯಿಂದ, ಅರ್ಧ ತಾಯಿಯಿಂದ ಬರುತ್ತದೆ. ಒಡಹುಟ್ಟಿದ ಒಬ್ಬರ ಗುರುತು ಪೂರ್ತಿ ಹೊಂದುವ ಸಾಧ್ಯತೆ ನಾಲ್ಕಕ್ಕೆ ಒಂದು. ರಕ್ತದ ಗುಂಪು ಬೇರೆಯಾಗಿದ್ದರೂ ಕಸಿ ಸಾಧ್ಯ. ಕಸಿಯ ನಂತರ ರೋಗಿಯ ಗುಂಪೇ ದಾನಿಯದಕ್ಕೆ ಬದಲಾಗುತ್ತದೆ! ಮನೆಯಲ್ಲಿ ಹೊಂದುವವರು ಸಿಗದಿದ್ದರೆ ಅರ್ಧ ಹೊಂದುವ ತಂದೆ ತಾಯಿಯಿಂದ ಕಸಿ ಮಾಡುವ ವಿಧಾನವೂ ಈಗ ಬೆಳೆದಿದೆ. ಅದೂ ಆಗದಿದ್ದರೆ ಅಪರಿಚಿತ ದಾನಿಯನ್ನು ಹುಡುಕಬೇಕು.

ಜಗತ್ತಿನ ದಾನಿಗಳ ಪಟ್ಟಿಯಲ್ಲಿ 4 ಕೋಟಿಗೂ ಹೆಚ್ಚು ಹೆಸರುಗಳಿವೆ. ಎಚ್‌ಎಲ್‌ಎ ಮಾದರಿ ಜನಾಂಗದಿಂದ ಜನಾಂಗಕ್ಕೆ ಬದಲಾಗುವುದರಿಂದ ನಮ್ಮ ರೋಗಿಗೆ ಹೊಂದುವವರು ನಮ್ಮ ನಡುವೆಯೇ ಸಿಗುವ ಸಂಭವ ಹೆಚ್ಚು. ಆದರೆ ಆ ಪಟ್ಟಿಯಲ್ಲಿ ಭಾರತೀಯರು ನಮ್ಮ ಜನಸಂಖ್ಯೆಗೆ ಹೋಲಿಸಿದರೆ ತೀರಾ ಕಡಿಮೆ. ಪ್ರತಿವರ್ಷ ಸುಮಾರು 10,000 ಮಕ್ಕಳು ತೀವ್ರ ಥಲಸ್ಸೀಮಿಯದೊಂದಿಗೆ ಹುಟ್ಟುವ ದೇಶಕ್ಕೆ ಇದು ದೊಡ್ಡ ಕೊರತೆ.

ನಂಬಿಕೆ 6: ದಾನ ಮಾಡಿದರೆ ಬೆನ್ನುಮೂಳೆಗೆ ಪೆಟ್ಟು, ಆಯುಷ್ಯಪೂರ್ತಿ ನಿಶ್ಶಕ್ತಿ

ಸತ್ಯ: ದಾನಕ್ಕೂ ಬೆನ್ನುಹುರಿಗೂ ಸಂಬಂಧವೇ ಇಲ್ಲ. ಈಗ ಹೆಚ್ಚಿನ ದಾನ ನಡೆಯುವುದು ತೋಳಿನ ರಕ್ತದಿಂದ. ನಾಲ್ಕೈದು ದಿನ ಒಂದು ಇಂಜೆಕ್ಷನ್ ಕೊಡುತ್ತಾರೆ. ಅದರಿಂದ ಮಜ್ಜೆಯ ಕಾಂಡಕೋಶಗಳು ರಕ್ತಕ್ಕೆ ಇಳಿದು ಬರುತ್ತವೆ. ಆಮೇಲೆ ಪ್ಲೇಟ್‌ಲೆಟ್ ದಾನದ ಹಾಗೆ ಯಂತ್ರವೊಂದು ಕೆಲವು ಗಂಟೆಗಳ ಅವಧಿಯಲ್ಲಿ ಆ ಕೋಶಗಳನ್ನು ಬೇರ್ಪಡಿಸಿ, ಉಳಿದ ರಕ್ತವನ್ನು ವಾಪಸು ಕೊಡುತ್ತದೆ. ಇಂಜೆಕ್ಷನ್ ದಿನಗಳಲ್ಲಿ ಮೈಕೈ ನೋವು, ತಲೆನೋವು ಕಾಣಿಸಿಕೊಳ್ಳುವುದುಂಟು; ಬೇಗ ಹೋಗುತ್ತದೆ. ಕೆಲವರಿಗೆ ಅರಿವಳಿಕೆ ಕೊಟ್ಟು ಸೊಂಟದ ಮೂಳೆಯಿಂದ ಮಜ್ಜೆ ತೆಗೆಯುತ್ತಾರೆ. ಎರಡರಲ್ಲೂ ಕೊಟ್ಟಷ್ಟನ್ನು ದೇಹ ಕೆಲವೇ ವಾರಗಳಲ್ಲಿ ತುಂಬಿಕೊಳ್ಳುತ್ತದೆ.

ನಂಬಿಕೆ 7: ಹಾಗಾದರೆ ರಕ್ತದ ಕಾಯಿಲೆ ಬಿಟ್ಟು ಉಳಿದದ್ದೆಲ್ಲ ಮೋಸ

ಸತ್ಯ: ಇದೂ ತಪ್ಪು. ಎಲೆಯಡಿಕೆಗೆ ಬಳಸುವ ಸುಣ್ಣದ ಪೊಟ್ಟಣ ಒಡೆದು ಮಕ್ಕಳ ಕಣ್ಣಿಗೆ ಸಿಡಿಯುವ ಅಪಘಾತ ನಮ್ಮ ದೇಶದ ಕಣ್ಣಿನ ವೈದ್ಯರಿಗೆ ಚೆನ್ನಾಗಿ ಗೊತ್ತು. ಕಪ್ಪುಗುಡ್ಡೆಯ ಅಂಚಿನಲ್ಲಿರುವ ಕಾಂಡಕೋಶಗಳು ಅದರಿಂದ ಸುಟ್ಟುಹೋದರೆ ಕಣ್ಣಿನ ಮೇಲ್ಮೈ ಮಸುಕಾಗುತ್ತದೆ. ಹೈದರಾಬಾದಿನ ಎಲ್.ವಿ. ಪ್ರಸಾದ್ ಕಣ್ಣಿನ ಸಂಸ್ಥೆಯಲ್ಲಿ ವೀರೇಂದ್ರ ಸಂಗ್ವಾನ್ ತಂಡ ಇದಕ್ಕೊಂದು ಸರಳ ವಿಧಾನ ರೂಪಿಸಿ 2012ರಲ್ಲಿ ಪ್ರಕಟಿಸಿತು. ಚೆನ್ನಾಗಿರುವ ಇನ್ನೊಂದು ಕಣ್ಣಿನಿಂದ ಎರಡು ಮಿಲಿಮೀಟರಿನಷ್ಟು ಅಂಗಾಂಶ ತೆಗೆದು, ಸಣ್ಣ ಚೂರು ಮಾಡಿ, ಗಾಯಗೊಂಡ ಕಣ್ಣಿನ ಮೇಲೆ ಗರ್ಭಪೊರೆಯ ಹಾಸಿನಲ್ಲಿ ಅಂಟಿಸುತ್ತಾರೆ. ದುಬಾರಿ ಪ್ರಯೋಗಾಲಯ ಬೇಡ. ಕೋಶಗಳು ಕಣ್ಣಿನಲ್ಲೇ ಬೆಳೆಯುತ್ತವೆ.

2015ರಲ್ಲಿ ಜರ್ಮನಿಯ ಬೋಖುಮ್‌ನಲ್ಲಿ, ಮುಟ್ಟಿದರೆ ಚರ್ಮ ಕಿತ್ತುಬರುವ ಆನುವಂಶಿಕ ಕಾಯಿಲೆಯ ಏಳು ವರ್ಷದ ಹುಡುಗನಿಗೆ ವೈದ್ಯರು ಮೈಯ ಸುಮಾರು 80 ಪ್ರತಿಶತ ಹೊಸ ಚರ್ಮ ಹೊದಿಸಿದರು. ಅವನದೇ ಚರ್ಮದ ಕಾಂಡಕೋಶಗಳ ಜೀನ್ ಸರಿಪಡಿಸಿ ಅದನ್ನು ಬೆಳೆಸಿದ್ದು ಇಟಲಿಯ ಮಿಕೇಲೆ ಡಿ ಲೂಕಾ ತಂಡ. ಈ ಗೆಲುವುಗಳಲ್ಲಿ ಒಂದು ಸಾಮ್ಯವಿದೆ: ಚರ್ಮದ ಕೋಶದಿಂದ ಚರ್ಮ, ಕಣ್ಣಂಚಿನ ಕೋಶದಿಂದ ಕಣ್ಣಿನ ಮೇಲ್ಮೈ. ಯಾವ ಕೋಶಕ್ಕೆ ಯಾವ ಕೆಲಸ ಗೊತ್ತೋ ಅದಕ್ಕೆ ಅದೇ ಕೆಲಸ.

ನಂಬಿಕೆ 8: ಜೀನ್ ಚಿಕಿತ್ಸೆ ವಿದೇಶದ ಕಥೆ, ನಮಗೆ ದಕ್ಕುವುದಲ್ಲ

ಸತ್ಯ: ಜೀನ್ ತಿದ್ದುವ ಕ್ರಿಸ್ಪರ್ ತಂತ್ರದ ಮೊದಲ ಚಿಕಿತ್ಸೆ ‘ಕ್ಯಾಸ್ಜೆವಿ’ಗೆ 2023ರ ನವೆಂಬರ್‌ನಲ್ಲಿ ಬ್ರಿಟನ್ ಅನುಮತಿ ನೀಡಿತು. ಕುಡಗೋಲು ಕಣ ರೋಗ, ಅಂದರೆ ಸಿಕಲ್ ಸೆಲ್, ಮತ್ತು ಥಲಸ್ಸೀಮಿಯ ಇರುವವರ ಕಾಂಡಕೋಶಗಳನ್ನು ಹೊರತೆಗೆದು, ತಿದ್ದಿ, ಹಿಂದಿರುಗಿಸುತ್ತಾರೆ. ತಿದ್ದುಪಡಿ ರಕ್ತದ ಕೋಶಗಳಲ್ಲಿ ಮಾತ್ರ, ಮಕ್ಕಳಿಗೆ ಹರಿದುಹೋಗುವುದಿಲ್ಲ. ಅಮೆರಿಕದಲ್ಲಿ ಇದರ ಬೆಲೆ 22 ಲಕ್ಷ ಡಾಲರ್. ಚಾಮರಾಜನಗರ, ಮೈಸೂರು, ಕೊಡಗಿನ ಸೋಲಿಗ, ಜೇನುಕುರುಬ ಮುಂತಾದ ಸಮುದಾಯಗಳಲ್ಲಿ ಸಿಕಲ್ ಸೆಲ್ ಜೀನ್ ಇದೆ; ಈ ಬೆಲೆಗೆ ಆ ಹಾಡಿಗಳನ್ನು ಚಿಕಿತ್ಸೆ ತಲುಪುವುದಿಲ್ಲ. ಸದ್ಯಕ್ಕೆ ಅಲ್ಲಿ ರಕ್ತಪರೀಕ್ಷೆ ಮತ್ತು ಹೈಡ್ರಾಕ್ಸಿಯೂರಿಯದಂಥ ಅಗ್ಗದ ಮಾತ್ರೆ ತಪ್ಪದೆ ಸಿಗುವುದೇ ಮುಖ್ಯ.

ಆದರೆ ದಾರಿ ಇಲ್ಲಿಯೂ ತೆರೆಯುತ್ತಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಅಲೋಕ್ ಶ್ರೀವಾಸ್ತವ ಅವರ ತಂಡ, ರಕ್ತ ಹೆಪ್ಪುಗಟ್ಟದ ಹಿಮೋಫಿಲಿಯ ಎ ಇರುವ ಐವರ ಕಾಂಡಕೋಶಗಳಿಗೆ ಸರಿಯಾದ ಜೀನ್ ಸೇರಿಸಿ ಹಿಂದಿರುಗಿಸಿತು. ಫಲಿತಾಂಶ 2024ರ ಡಿಸೆಂಬರ್‌ನಲ್ಲಿ ಪ್ರಕಟವಾಯಿತು. ಚಿಕಿತ್ಸೆಯ ನಂತರ ಗಮನಿಸಿದ ಅವಧಿಯಲ್ಲಿ ಐವರಲ್ಲಿ ಯಾರಿಗೂ ರಕ್ತಸ್ರಾವ ಕಾಣಿಸಲಿಲ್ಲ. ಇಂಥ ಎಲ್ಲ ಚಿಕಿತ್ಸೆಗೂ ಮೊದಲು ತೀವ್ರ ಕಿಮೊಥೆರಪಿ ಬೇಕು. ಸೋಂಕಿನ ಅಪಾಯವಿದೆ, ಸಂತಾನಶಕ್ತಿಗೆ ಧಕ್ಕೆಯಾಗುವ ಸಂಭವವೂ ಇದೆ. ಪ್ರಾಮಾಣಿಕ ವೈದ್ಯರು ಇದನ್ನು ಮೊದಲೇ ಕೂರಿಸಿಕೊಂಡು ವಿವರಿಸುತ್ತಾರೆ.

ಹಣ ಕಟ್ಟುವ ಮೊದಲು, ಮತ್ತು ಆಮೇಲೆ

ಯಾರಾದರೂ ಕಾಂಡಕೋಶ ಚಿಕಿತ್ಸೆ ಎಂದರೆ ಮೂರು ಪ್ರಶ್ನೆ ಕೇಳಿ. ಇದು ಒಪ್ಪಿತ ಚಿಕಿತ್ಸೆಯೇ, ಟ್ರಯಲ್ಲೇ? ಟ್ರಯಲ್ ಆದರೆ ಭಾರತದ ಕ್ಲಿನಿಕಲ್ ಟ್ರಯಲ್ ನೋಂದಣಿಯ ಸಂಖ್ಯೆ ಎಷ್ಟು? ಟ್ರಯಲ್ ಆಗಿದ್ದೂ ನನ್ನಿಂದ ಹಣ ಏಕೆ ಕೇಳುತ್ತೀರಿ? ಹಲವು ಬೇರೆಬೇರೆ ಕಾಯಿಲೆಗಳಿಗೆ ಒಂದೇ ಇಂಜೆಕ್ಷನ್ ಕೊಡುವ ಕಡೆಯಿಂದ ಎದ್ದು ಬನ್ನಿ. ಮಗುವಿಗೆ ಥಲಸ್ಸೀಮಿಯ ಇದ್ದರೆ ತಡ ಮಾಡದೆ ಕಸಿಯ ಬಗ್ಗೆ ವಿಚಾರಿಸಿ. ಚಿಕ್ಕ ವಯಸ್ಸಿನಲ್ಲಿ ಫಲ ಹೆಚ್ಚು. ಅರ್ಹ ಕುಟುಂಬಗಳಿಗೆ ಥಲಸ್ಸೀಮಿಯ ಬಾಲಸೇವಾ ಯೋಜನೆಯಲ್ಲಿ 10 ಲಕ್ಷ ರೂಪಾಯಿವರೆಗೆ ನೆರವು ಸಿಗುತ್ತದೆ.

ಆರೋಗ್ಯವಾಗಿರುವ ನಮಗೂ ಇಲ್ಲಿ ಕೆಲಸವಿದೆ. ಬೆಂಗಳೂರಿನ ಡಿಕೆಎಂಎಸ್ ಇಂಡಿಯಾ, ಚೆನ್ನೈನ ದಾತ್ರಿ ಮುಂತಾದ ದಾನಿ ನೋಂದಣಿ ಸಂಸ್ಥೆಗಳಿಗೆ ಹದಿನೆಂಟು ತುಂಬಿದವರು ಹೆಸರು ಕೊಡಬಹುದು. ಕೆನ್ನೆಯ ಒಳಭಾಗವನ್ನು ಹತ್ತಿಕಡ್ಡಿಯಿಂದ ಸವರಿ ಕೊಟ್ಟರೆ ಮೊದಲ ಹಂತ ಮುಗಿಯಿತು. ನಮ್ಮ ರೋಗಿಗಳಿಗೆ ಬೇಕಾದ ಮದ್ದು ಬಹುಪಾಲು ನಮ್ಮದೇ ಜನರ ಮೂಳೆಯೊಳಗಿದೆ. ಖಾಸಗಿ ಬ್ಯಾಂಕಿನಲ್ಲಿ ನಮ್ಮದನ್ನು ನಮಗೇ ಬಚ್ಚಿಡುವುದಕ್ಕಿಂತ, ಕರೆ ಬಂದ ದಿನ ಕೊಡಲು ಸಿದ್ಧರಿರುವವರ ಪಟ್ಟಿ ಬೆಳೆಸಿದರೆ ಹೆಚ್ಚು ಮಕ್ಕಳು ಬದುಕುತ್ತಾರೆ.