ತಟ್ಟೆ ನೋಡಿ ಹೇಳಿದ ಅಡುಗೆಯಮ್ಮ

ಪಿಯು ಫಲಿತಾಂಶ ಬಂದ ವಾರ ನಮ್ಮ ಕಡೆ ಊರಿಗೆ ಊರೇ ಅಂಕ ಕೇಳುತ್ತದೆ. ಡೇರಿಗೆ ಹಾಲು ಹಾಕಲು ಬಂದವರು, ಕಟಿಂಗ್ ಶಾಪಿನಲ್ಲಿ ಕೂತವರು, ಮದುವೆ ಊಟದಲ್ಲಿ ಪಕ್ಕದ ಎಲೆಯವರು, ಎಲ್ಲರದೂ ಒಂದೇ ಪ್ರಶ್ನೆ: 'ಎಷ್ಟು ಪರ್ಸೆಂಟು?' ಹುಡುಗ ಹೇಗಿದ್ದಾನೆ ಎಂದು ಕೇಳುವವರು ಕಡಿಮೆ. ತುಮಕೂರು ಜಿಲ್ಲೆಯಲ್ಲಿ ಗಣಿತ ಪಾಠ ಮಾಡಿ ನಿವೃತ್ತನಾದವನು ನಾನು. ಹರೆಯದವರ ಮಾನಸಿಕ ಆರೋಗ್ಯದ ಮಾತು ಬಂದಾಗಲೆಲ್ಲ 'ಕಾಲೇಜಿಗೊಬ್ಬ ಕೌನ್ಸೆಲರ್ ಹಾಕಿ' ಎನ್ನುತ್ತಾರೆ. ಹಾಕಲಿ. ಆದರೆ ಬಾಯಿ ಬಿಡದ ಹುಡುಗನನ್ನು ಅವರ ಬಾಗಿಲ ತನಕ ಕರೆತರುವವರು ಯಾರು?

ಹಾಸ್ಟೆಲಿನ ಅಡುಗೆಯಮ್ಮ ಒಮ್ಮೆ ಕಾಲೇಜಿನ ಗೇಟಿನಲ್ಲೇ ನನ್ನನ್ನು ನಿಲ್ಲಿಸಿಕೊಂಡರು. 'ಸಾ, ಆ ಮೂಲೆ ರೂಮಿನ ಹುಡ್ಗ ಸರ್ಯಾಗಿ ಉಣ್ತಿಲ್ಲ. ಮುದ್ದೆ ಮುರ್ದು ಮುರ್ದು ಹಂಗೇ ಬಿಟ್ಟು ಎದ್ದೋಗ್ತಾನೆ. ರಾತ್ರಿಯೆಲ್ಲ ಲೈಟ್ ಉರೀತಿರ್ತದೆ. ಓದ್ತಾವ್ನೆ ಅಂದ್ಕೊಂಡ್ರೆ ಪುಸ್ತಕ ಮುಚ್ಚಿಟ್ಟು ಸುಮ್ನೆ ಕುಂತಿರ್ತಾನೆ' ಎಂದರು. ಅದೇ ಹುಡುಗ ನನ್ನ ತರಗತಿಯಲ್ಲಿ ಮೊದಲ ಬೆಂಚು. ಹಾಜರಿ ಪೂರ್ತಿ, ಟೆಸ್ಟಿನಲ್ಲಿ ಅಂಕಕ್ಕೂ ಕೊರತೆಯಿಲ್ಲ. ಊಟ ನಿದ್ದೆ ಕೆಟ್ಟು, ಮಾತು ಕಡಿಮೆಯಾಗಿ, ಇಷ್ಟದ ಆಟವೂ ಬೇಡವಾಗಿ ಎರಡು ವಾರ ಕಳೆದರೆ ಅದನ್ನು ಖಿನ್ನತೆಯೆಂದು ಅನುಮಾನಿಸಬೇಕು ಎನ್ನುತ್ತಾರೆ ವೈದ್ಯರು. ಆಕೆ ಅದನ್ನು ತಟ್ಟೆ ನೋಡಿಯೇ ಹಿಡಿದಿದ್ದರು. ಹುಡುಗನ ಸೋದರಮಾವನನ್ನು ಕರೆಸಿ, ತಾಲ್ಲೂಕು ಆಸ್ಪತ್ರೆಗೆ ಮನೋವೈದ್ಯರು ಬರುವ ದಿನ ತೋರಿಸಿದೆವು. ಅಪ್ಪನಿಗೆ ಹೇಳುವುದಕ್ಕೆ ಹುಡುಗ ಒಪ್ಪಿದ್ದು ಆಮೇಲೆ.

ಅಂಕ ಹಾಕುವವನ ಹತ್ತಿರ ಮಕ್ಕಳು ಮನಸ್ಸು ಬಿಚ್ಚುವುದು ಕಷ್ಟ. ಇದು ನನ್ನ ಅನುಭವದ ಮಾತು ಮಾತ್ರವಲ್ಲ. ಬಿಹಾರದ ನಳಂದಾ ಜಿಲ್ಲೆಯ 74 ಸರ್ಕಾರಿ ಪ್ರೌಢಶಾಲೆಗಳಲ್ಲಿ 'ಸೆಹರ್' ಎಂಬ ಕಾರ್ಯಕ್ರಮವನ್ನು ಪರೀಕ್ಷಿಸಿ ನೋಡಿದರು. ಕೆಲವು ಶಾಲೆಗಳಲ್ಲಿ ಅದನ್ನು ನಡೆಸಿದವರು ಮನಶ್ಶಾಸ್ತ್ರದ ವೃತ್ತಿಯವರಲ್ಲದ, ತರಬೇತಿ ಪಡೆದ ಸಾಮಾನ್ಯರು. ಇನ್ನು ಕೆಲವು ಶಾಲೆಗಳಲ್ಲಿ ಅಲ್ಲಿನ ಶಿಕ್ಷಕರೇ ನಡೆಸಿದರು. ಪ್ರಾರ್ಥನೆಯ ಹೊತ್ತಿನ ಮಾತುಕತೆ, ಗೋಡೆ ಪತ್ರಿಕೆ, ಮಕ್ಕಳು ಮನಸ್ಸಿನಲ್ಲಿದ್ದದ್ದನ್ನು ಬರೆದು ಹಾಕುವ ಡಬ್ಬ, ಬೇಕಾದವರಿಗೆ ಒಬ್ಬೊಬ್ಬರಾಗಿ ಸಮಾಲೋಚನೆ, ಹೀಗೆ ಎರಡೂ ಕಡೆ ಕೆಲಸ ಒಂದೇ ಥರದ್ದು. ಸಾಮಾನ್ಯರು ನಡೆಸಿದ ಶಾಲೆಗಳಲ್ಲಿ ಖಿನ್ನತೆ, ಪೀಡಿಸುವುದು, ಹೊಡೆದಾಟ ಕಡಿಮೆಯಾದವು. ಶಿಕ್ಷಕರು ನಡೆಸಿದಲ್ಲಿ ಹೇಳಿಕೊಳ್ಳುವಂಥ ಬದಲಾವಣೆ ಕಾಣಲಿಲ್ಲ. ಈ ಫಲಿತಾಂಶ 2018ರಲ್ಲಿ 'ಲ್ಯಾನ್ಸೆಟ್' ವೈದ್ಯಕೀಯ ಪತ್ರಿಕೆಯಲ್ಲಿ ಪ್ರಕಟವಾಯಿತು. ಓದಿದಾಗ ಮೇಷ್ಟ್ರಾಗಿ ಸ್ವಲ್ಪ ಚುಚ್ಚಿತು, ಆದರೆ ಆಶ್ಚರ್ಯವಾಗಲಿಲ್ಲ.

ಮನೋವೈದ್ಯರಲ್ಲದವರಿಗೆ ಈ ಕೆಲಸ ಕಲಿಸುವುದಕ್ಕೆ ನಮ್ಮಲ್ಲೂ ಹಳೆಯ ದಾರಿಯಿದೆ. 1980ರ ದಶಕದಲ್ಲೇ ನಿಮ್ಹಾನ್ಸ್‌ನವರು ಬಳ್ಳಾರಿ ಜಿಲ್ಲೆಯ ಪ್ರಾಥಮಿಕ ಆರೋಗ್ಯ ಕೇಂದ್ರಗಳ ವೈದ್ಯರು, ಆರೋಗ್ಯ ಕಾರ್ಯಕರ್ತರಿಗೆ ಮನೋರೋಗ ಗುರುತಿಸುವುದನ್ನು ಕಲಿಸಿದ್ದರು. ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾದದ್ದು ಅದೇ. ಈಚೆಗೆ ನಿಮ್ಹಾನ್ಸ್ ಮತ್ತು ರಾಜ್ಯದ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆ ಸೇರಿ ನಡೆಸುವ 'ಯುವ ಸ್ಪಂದನ'ದಲ್ಲಿ ಊರಿನ ಯುವಕ ಯುವತಿಯರೇ ತರಬೇತಿ ಪಡೆದು ಯುವ ಪರಿವರ್ತಕರಾಗುತ್ತಾರೆ. ಜಿಲ್ಲಾ ಕ್ರೀಡಾಂಗಣಗಳಲ್ಲಿ ಇದರ ಕೇಂದ್ರಗಳಿವೆ. ಜಾಗದ ಆಯ್ಕೆ ಜಾಣತನದ್ದು. ಮನೋರೋಗ ವಿಭಾಗದ ಬೋರ್ಡಿನ ಕೆಳಗೆ ಕಾಲಿಡಲು ಹಿಂಜರಿಯುವ ಹುಡುಗಿ ಕ್ರೀಡಾಂಗಣಕ್ಕೆ ನಿಶ್ಚಿಂತೆಯಾಗಿ ಹೋಗಿಬರುತ್ತಾಳೆ.

ಸಮುದಾಯ ಎಂದಕೂಡಲೇ ಕೈಮುಗಿಯುವವರೂ ಇದ್ದಾರೆ, ನನಗೆ ಅಷ್ಟು ಭಕ್ತಿಯಿಲ್ಲ. ಕಾಪಾಡುವ ಊರೇ ಆಡಿಕೊಳ್ಳುತ್ತದೆ ಕೂಡ. 'ಅವರ ಮನೆ ಹುಡುಗಿ ತಲೆ ಡಾಕ್ಟರ ಹತ್ತಿರ ಹೋಗಿದ್ದಳಂತೆ' ಎಂಬ ಮಾತು ಸಂಜೆಯೊಳಗೆ ಬೀಗರ ಊರು ಮುಟ್ಟುತ್ತದೆ. ಆದ್ದರಿಂದ ಅಡುಗೆಯವರಿಗೆ, ವಾರ್ಡನ್‌ಗೆ, ಆಶಾ ಕಾರ್ಯಕರ್ತೆಗೆ, ಬಸ್ ಕಂಡಕ್ಟರಿಗೆ ತರಬೇತಿ ಕೊಡುವಾಗ ಮೊದಲು ಕಲಿಸಬೇಕಾದ್ದು ಕೇಳಿದ್ದನ್ನು ಊರಲ್ಲಿ ಹರಡದಿರುವುದನ್ನು. ಆಮೇಲೆ ಬುದ್ಧಿ ಹೇಳದೆ ಕೇಳುವುದು. ಪ್ರಾಣಕ್ಕೆ ಅಪಾಯದ ಸುಳಿವು ಸಿಕ್ಕರೆ ಮಾತ್ರ ಗುಟ್ಟು ಬೇಡ, ಹುಡುಗನನ್ನು ಒಂಟಿ ಬಿಡದೆ ಮನೆಯವರಿಗೆ, ವೈದ್ಯರಿಗೆ ತಿಳಿಸಲೇಬೇಕು. ಹೊರಗೆ ಗೊತ್ತಾದರೆ ಪೊಲೀಸ್ ಕೇಸಾಗುತ್ತದೆ ಎಂದು ಹೆದರಿ ಎಷ್ಟೋ ಮನೆಗಳಲ್ಲಿ ಬಾಯಿ ಮುಚ್ಚಿಕೊಳ್ಳುತ್ತಾರೆ. ಆದರೆ ಆತ್ಮಹತ್ಯೆಗೆ ಯತ್ನಿಸಿದವರು ತೀವ್ರ ಒತ್ತಡದಲ್ಲಿದ್ದರೆಂದೇ ಭಾವಿಸಬೇಕು, ಅವರಿಗೆ ಆರೈಕೆ ಕೊಡಬೇಕು ಎಂದು 2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆಯೇ ಹೇಳುತ್ತದೆ.

2022ರ ಅಕ್ಟೋಬರಿನಿಂದ 'ಟೆಲಿ ಮಾನಸ್' ಸಹಾಯವಾಣಿ ಇದೆ. ಸಂಖ್ಯೆ 14416. ದಿನದ ಇಪ್ಪತ್ತನಾಲ್ಕು ಗಂಟೆಯೂ ಉಚಿತ, ಕನ್ನಡದಲ್ಲೇ ಮಾತಾಡಬಹುದು. ನಿಮ್ಮೂರಿನ ಬಸ್ ನಿಲ್ದಾಣದಲ್ಲಿ, ಹಾಸ್ಟೆಲಿನ ಊಟದ ಹಾಲಿನಲ್ಲಿ, ಪಂಚಾಯಿತಿ ಗೋಡೆಯ ಮೇಲೆ ಈ ಸಂಖ್ಯೆ ಇದೆಯೇ ನೋಡಿ. ಇಲ್ಲದಿದ್ದರೆ ಮುಂದಿನ ಗ್ರಾಮಸಭೆಯಲ್ಲಿ ಕೇಳಿ ಬರೆಸಿ.